ಈ ಪುಸ್ತಕ ಯಾರಿಗೆ? ವರ್ಷದ ಓದಿನ ಬಗ್ಗೆ ನಾಲ್ಕು ಸಾಲು ಬರೆಯುವ ಮುಂಚೆ

ಡಿಸೆಂಬರ್ ಬಂದರೆ ಸಾಕು, ಪಟ್ಟಿಗಳು ಶುರುವಾಗುತ್ತವೆ. ಒಬ್ಬರು ವರ್ಷವಿಡೀ ಓದಿದ ಪುಸ್ತಕಗಳ ಮುಖಪುಟಗಳನ್ನೆಲ್ಲ ಜೋಡಿಸಿ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಇನ್ನೊಬ್ಬರು ಪ್ರತಿ ಪುಸ್ತಕದ ಮುಂದೆ ಒಂದೊಂದು ಸಾಲು ಬರೆಯುತ್ತಾರೆ. ಜನವರಿಯಲ್ಲಿ ಓದುಗರು ಆ ಪಟ್ಟಿಗಳನ್ನು ಮೊಬೈಲಿನಲ್ಲಿ ತೋರಿಸುತ್ತಾ ನಮ್ಮ ಗ್ರಂಥಾಲಯದ ಕೌಂಟರಿಗೆ ಬರುತ್ತಾರೆ. "ಇದರಲ್ಲಿ ಯಾವುದಿದೆ ನಿಮ್ಮ ಹತ್ರ?" ಅನ್ನುತ್ತಾರೆ. ನಾನು ಖುಷಿಯಿಂದಲೇ ಹುಡುಕಿ ಕೊಡುತ್ತೇನೆ. ಆಮೇಲೆ ಅದರಲ್ಲಿ ಎಷ್ಟೋ ಪುಸ್ತಕಗಳು ಓದದೆಯೇ ವಾಪಸ್ ಬರುತ್ತವೆ.

ಆ ಪುಸ್ತಕಗಳು ಕೆಟ್ಟವಲ್ಲ. ಓದುಗರು ಸೋಮಾರಿಗಳೂ ಅಲ್ಲ. ಪಟ್ಟಿ ಮಾಡಿದವರು "ಅದ್ಭುತ" ಅಂದಿದ್ದರು, "ಮನ ಮುಟ್ಟಿತು" ಅಂದಿದ್ದರು, "ಎಲ್ಲರೂ ಓದಲೇಬೇಕು" ಅಂದಿದ್ದರು. ಯಾರಿಗೆ ಹಿಡಿಸುತ್ತದೆ, ಯಾರಿಗೆ ಹಿಡಿಸುವುದಿಲ್ಲ ಅಂತ ಮಾತ್ರ ಹೇಳಿರಲಿಲ್ಲ. ಎಲ್ಲರೂ ಓದಲೇಬೇಕಾದ ಪುಸ್ತಕವನ್ನು ಈ ಕೆಲಸದಲ್ಲಿ ನಾನಿನ್ನೂ ಕಂಡಿಲ್ಲ. ಅಂಥದ್ದು ಏನಾದರೂ ಇದ್ದರೆ ಅದು ಬ್ಯಾಂಕಿನ ಸಾಲದ ಪತ್ರದ ಸಣ್ಣಕ್ಷರ ಮಾತ್ರ. ಅದನ್ನು ಯಾರೂ ಓದುವುದಿಲ್ಲ ಬಿಡಿ.

ವರ್ಷದ ಓದಿನ ಬಗ್ಗೆ ಚಿಕ್ಕದಾಗಿ ಬರೆದು ಹಂಚಿಕೊಳ್ಳುವ ರೂಢಿ ನನಗೆ ತುಂಬಾ ಇಷ್ಟ. ಗ್ರಂಥಪಾಲಕರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಆದರೆ ಆ ಟಿಪ್ಪಣಿ ಕೆಲಸಕ್ಕೆ ಬರಬೇಕಾದರೆ ಅದರಲ್ಲಿ ಒಂದು ಪ್ರಶ್ನೆಗೆ ಉತ್ತರ ಇರಬೇಕು: ಈ ಪುಸ್ತಕ ಯಾರಿಗೆ?

ಈ ಪ್ರಶ್ನೆ ನನ್ನದಲ್ಲ. ಎಸ್.ಆರ್. ರಂಗನಾಥನ್ 1931ರಲ್ಲೇ ಇದನ್ನು ಕೇಳಿದ್ದರು. ಮದ್ರಾಸಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರು ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಮೇಲ್ನೋಟಕ್ಕೆ ಎರಡೂ ಒಂದೇ ಅನಿಸುತ್ತದೆ. ಕೆಲಸಕ್ಕೆ ಇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಓದುಗ ಎದ್ದು ಬಂದು ಕೇಳುತ್ತಾನೆ. ಪುಸ್ತಕ ಕಪಾಟಿನಲ್ಲಿ ಸುಮ್ನೆ ಕೂತಿರುತ್ತದೆ. ಅದರ ಪರವಾಗಿ ಯಾರಾದರೂ ಬಾಯಿ ಬಿಡಬೇಕು.

ನಮ್ಮಲ್ಲಿ ಪುಸ್ತಕದ ಬೆನ್ನಿಗೆ ನಂಬರು ಅಂಟಿಸುತ್ತೇವೆ. ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಕಪಾಟು ಹುಡುಕಲು ಇದು ಬೇಕೇ ಬೇಕು. ಆದರೆ ಆ ಒಂದೇ ನಂಬರಿನ ಕೆಳಗೆ ಪಂಪನಿಂದ ಹಿಡಿದು ಹೋದ ತಿಂಗಳು ಬಿಡುಗಡೆಯಾದ ಕಥಾಸಂಕಲನದವರೆಗೆ ಎಲ್ಲವೂ ಸೇರುತ್ತವೆ. ಗಂಡ ತೀರಿಕೊಂಡ ಮೇಲೆ ಮೊದಲ ಸಲ ಗ್ರಂಥಾಲಯಕ್ಕೆ ಬಂದ ಹೆಂಗಸಿಗೆ ಅದರಲ್ಲಿ ಯಾವುದನ್ನು ಕೊಡಬೇಕು? ಕೆಪಿಎಸ್‌ಸಿ ಪರೀಕ್ಷೆಗೆ ಓದಿ ಓದಿ ತಲೆ ಕೆಟ್ಟು "ಏನಾದ್ರೂ ಲೈಟಾಗಿರೋದು ಕೊಡಿ ಸರ್" ಅನ್ನುವ ಹುಡುಗನಿಗೆ ಯಾವುದು? ನಂಬರಿಗೆ ಅದು ಗೊತ್ತಿಲ್ಲ. ಓದಿದವರಿಗೆ ಗೊತ್ತು.

ಒಂದು ಉದಾಹರಣೆ ನೋಡೋಣ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ಇವತ್ತಿಗೂ ನಮ್ಮಲ್ಲಿ ಅದು ಕಪಾಟಿನಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅದರ ಬಗ್ಗೆ ಸಾಮಾನ್ಯವಾಗಿ ಕಾಣುವ ಟಿಪ್ಪಣಿ ಹೀಗಿರುತ್ತದೆ:

"ಕನ್ನಡದ ಮಹತ್ವದ ಕೃತಿ. ವಿಜ್ಞಾನ, ಪರಿಸರ ಮತ್ತು ಮಾನವ ಸಂಬಂಧಗಳನ್ನು ಲೇಖಕರು ಅದ್ಭುತವಾಗಿ ಚಿತ್ರಿಸಿದ್ದಾರೆ. ಪ್ರತಿಯೊಬ್ಬರೂ ಓದಲೇಬೇಕು."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪುಸ್ತಕ ಓದದೆಯೂ ಇದನ್ನು ಬರೆಯಬಹುದು. ಬೆನ್ನುಡಿ ನೋಡಿದರೆ ಸಾಕು. ಈಗ ಇನ್ನೊಂದು ನೋಡಿ:

"ಕಾದಂಬರಿ ಅಂದರೆ ಅಳು, ಮದುವೆ, ಆಸ್ತಿ ಜಗಳ ಅಂತ ದೂರ ಇದ್ದವಳು ನಾನು. ಇದರಲ್ಲಿ ಒಂದಷ್ಟು ಜನ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಅಷ್ಟೇ ಕತೆ. ಬಸ್ಸಿನಲ್ಲಿ ಓದುತ್ತಾ ಜೋರಾಗಿ ನಕ್ಕು ಪಕ್ಕದವರ ಕೈಲಿ ನೋಡಿಸಿಕೊಂಡೆ. ಕೊನೆಯಲ್ಲಿ ಎಲ್ಲದಕ್ಕೂ ಉತ್ತರ ಸಿಗಬೇಕು ಅನ್ನುವವರಿಗೆ ಸ್ವಲ್ಪ ಬೇಸರ ಆಗಬಹುದು. ಕನ್ನಡ ಪುಸ್ತಕ ಓದಿ ಅಭ್ಯಾಸ ಇಲ್ಲದ ನನ್ನ ತಮ್ಮನಿಗೆ ಮೊದಲು ಇದನ್ನೇ ಕೊಡ್ತೀನಿ."

ಇದು ನಾನೇ ಮಾದರಿಗೆ ಬರೆದದ್ದು. ಆದರೆ ಇಂಥ ಮಾತುಗಳನ್ನು ಕೌಂಟರಿನಲ್ಲಿ ದಿನಾ ಕೇಳುತ್ತೇನೆ. ಇದರಲ್ಲಿ ಬರೆದವಳು ಯಾರು ಅಂತ ಗೊತ್ತಾಗುತ್ತದೆ. ಅವಳಿಗೆ ಮುಂಚೆ ಏನು ಇಷ್ಟ ಇರಲಿಲ್ಲ ಅಂತ ಗೊತ್ತಾಗುತ್ತದೆ. ಪುಸ್ತಕ ಯಾವ ಜಾಗದಲ್ಲಿ ಕೈ ಕೊಡಬಹುದು ಅಂತಲೂ ಗೊತ್ತಾಗುತ್ತದೆ. ಮುಖ್ಯವಾಗಿ, ಕೊನೆಯ ಸಾಲಿನಲ್ಲಿ ಒಬ್ಬ ಮನುಷ್ಯ ಇದ್ದಾನೆ, ಆ ತಮ್ಮ. ಅವನಂಥ ತಮ್ಮಂದಿರು ಊರ ತುಂಬಾ ಇದ್ದಾರೆ. ಅವರ ಅಕ್ಕಂದಿರಿಗೆ, ಅಪ್ಪಂದಿರಿಗೆ ಈ ಒಂದು ಸಾಲು ಸಾಕು.

ಟಿಪ್ಪಣಿ ಬರೆಯುವಾಗ "ಓದುಗರು" ಅಂತ ಯೋಚಿಸಬೇಡಿ. ಗೊತ್ತಿರುವ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಊರಿಗೆ ಹೊಸಬರು ದಾರಿ ಕೇಳಿದರೆ ನಾವು ಊರಿನ ಇತಿಹಾಸ ಹೇಳುವುದಿಲ್ಲ. "ಎಡಕ್ಕೆ ತಿರುಗಿ, ಅಲ್ಲಿಂದ ಮುಂದೆ ರಸ್ತೆ ಸ್ವಲ್ಪ ಕೆಟ್ಟಿದೆ, ನಿಧಾನವಾಗಿ ಹೋಗಿ" ಅನ್ನುತ್ತೇವೆ, ಅಲ್ವಾ? ಆ ಧಾಟಿ ಬಂದರೆ ಸಾಕು.

ಗ್ರಂಥಪಾಲಕರ ಕೆಲಸದಲ್ಲಿ ಇದಕ್ಕೊಂದು ಕ್ರಮವೇ ಇದೆ. "ಒಂದು ಒಳ್ಳೆ ಪುಸ್ತಕ ಕೊಡಿ" ಅಂತ ಯಾರಾದರೂ ಬಂದರೆ ನಾವು "ಯಾವ ಲೇಖಕರು ಇಷ್ಟ?" ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಜನ ಸಂಕೋಚಪಟ್ಟು ಶಾಲೆಯಲ್ಲಿ ಕಲಿತ ಹೆಸರು ಹೇಳಿಬಿಡುತ್ತಾರೆ. "ಕೊನೆಗೆ ಓದಿ ಇಷ್ಟಪಟ್ಟದ್ದು ಯಾವುದು? ಅದರಲ್ಲಿ ಏನು ಹಿಡಿಸಿತು?" ಅಂತ ಕೇಳುತ್ತೇವೆ. ಇನ್ನೂ ಒಳ್ಳೆಯ ಪ್ರಶ್ನೆ ಒಂದಿದೆ: "ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು?" ಇದಕ್ಕೆ ಉತ್ತರ ಬೇಗ ಬರುತ್ತದೆ, ನಿಜವಾದ ಉತ್ತರ ಬರುತ್ತದೆ.

ಅಮೆರಿಕದ ಸಿಯಾಟಲ್‌ನ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದನ್ನು ಇನ್ನೂ ಸರಳ ಮಾಡಿದ್ದಾರೆ. ಪುಸ್ತಕದೊಳಗೆ ಹೋಗಲು ನಾಲ್ಕು ಬಾಗಿಲುಗಳಿವೆ ಅನ್ನುತ್ತಾರೆ ಅವರು. ಕತೆ, ಪಾತ್ರ, ಜಾಗ, ಭಾಷೆ. ಪ್ರತಿ ಪುಸ್ತಕದಲ್ಲೂ ನಾಲ್ಕೂ ಇರುತ್ತವೆ, ಆದರೆ ಒಂದೊಂದರಲ್ಲಿ ಒಂದು ಬಾಗಿಲು ದೊಡ್ಡದು. ಓದುಗರೂ ಹಾಗೆಯೇ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಒಂದೇ ಕೂರಿಕೆಯಲ್ಲಿ ಮುಗಿಸಿ ಬೆಳೆದವರು ಕತೆಯ ಬಾಗಿಲಿನಿಂದ ಬಂದವರು. ಅವರಿಗೆ ನೇರವಾಗಿ 'ಮೂಕಜ್ಜಿಯ ಕನಸುಗಳು' ಕೊಟ್ಟರೆ "ಇದರಲ್ಲಿ ಏನೂ ಆಗೋದೇ ಇಲ್ವಲ್ಲ" ಅಂತ ತಂದು ಮೇಜಿನ ಮೇಲಿಡುತ್ತಾರೆ. ಜ್ಞಾನಪೀಠ ಬಂದ ಪುಸ್ತಕ ಅಂತ ಹೇಳಿ ಪ್ರಯೋಜನ ಇಲ್ಲ. ಅಲ್ಲಿರುವುದು ಅಜ್ಜಿ, ಮೊಮ್ಮಗ, ಅವರ ಮಾತು. ಅಜ್ಜಿಯ ಜೊತೆ ಕೂತು ಮಾತಾಡುವ ತಾಳ್ಮೆ ಇರುವವರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ. "ಘಟನೆ ಕಡಿಮೆ, ಮಾತು ಜಾಸ್ತಿ, ದಿನಕ್ಕೆ ಒಂದು ಅಧ್ಯಾಯ ಓದಿ" ಅಂತ ಒಬ್ಬರು ಮೊದಲೇ ಬರೆದಿಟ್ಟಿದ್ದರೆ ಈ ಬೇಸರ ತಪ್ಪುತ್ತಿತ್ತು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಬಗ್ಗೆ ನೂರಾರು ವಿಮರ್ಶೆಗಳಿವೆ. ಮೊದಲ ಸಲ ಓದಲು ಹೊರಟವನಿಗೆ ಬೇಕಾದ ಸಹಾಯವೇ ಬೇರೆ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಬೆನ್ನು ಹಿಡಿದು ಹೊರಡುತ್ತೀರಿ. ಸ್ವಲ್ಪ ಹೊತ್ತಿಗೆ ಮನೆಗಳು, ಹೆಗ್ಗಡೆಗಳು, ಕೇರಿಗಳು, ಹೆಸರುಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಯಾರು ಯಾರ ಮನೆಯವರು ಅಂತ ಗೊತ್ತಾಗದೆ ಸುಮಾರು ಜನ ಇಲ್ಲೇ ನಿಲ್ಲುತ್ತಾರೆ. ನಮ್ಮ ಓದುಗರೊಬ್ಬರು ಇದಕ್ಕೆ ಬರೆದ ಟಿಪ್ಪಣಿ ಇಷ್ಟೇ: "ಒಂದು ಹಾಳೆಯಲ್ಲಿ ಮನೆಗಳ ಹೆಸರು ಬರೆದು, ಕೆಳಗೆ ಜನರ ಹೆಸರು ಬರೆದುಕೊಂಡು ಓದಿ. ಆ ಹಾಳೆ ತುಂಬುವ ಹೊತ್ತಿಗೆ ನೀವೇ ಆ ಊರಿನವರಾಗಿರುತ್ತೀರಿ. ಮಳೆಗಾಲದಲ್ಲಿ ಓದಿದರೆ ಇನ್ನೂ ಒಳ್ಳೆಯದು." ದೊಡ್ಡ ವಿಮರ್ಶಕರು ಇದನ್ನು ಬರೆಯುವುದಿಲ್ಲ. ಅವರಿಗೆ ಆ ಹಾಳೆ ಬೇಕಾಗಿರಲಿಲ್ಲ. ಹುಲಿಯನಿಗೆ ಕೊನೆಗೆ ಏನಾಗುತ್ತದೆ ಅಂತ ಆ ಓದುಗರೂ ಬರೆಯಲಿಲ್ಲ, ನಾನೂ ಹೇಳುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ವಿಷಯ ಇದೆ. ನಮ್ಮ ಕನ್ನಡ ಒಂದೇ ಅಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ನಂಜನಗೂಡು ಕಡೆಯ ಆಡುಮಾತಿನಲ್ಲಿದೆ. ಪುಟ ಕಡಿಮೆ. ಚಿಕ್ಕ ಪುಸ್ತಕ ಅಂತ ಎತ್ತಿಕೊಂಡು ಹೋದವರು ಮೂರನೇ ಪುಟಕ್ಕೇ ಸುಸ್ತಾಗುವುದನ್ನು ನೋಡಿದ್ದೇನೆ. ಧಾರವಾಡ, ಕಲಬುರಗಿ ಕಡೆಯಿಂದ ಬಂದ ಓದುಗರಿಗೆ ಅದು ಇನ್ನೂ ಕಷ್ಟ. ಮೈಸೂರು ಕಡೆಯವರು ಉತ್ತರ ಕರ್ನಾಟಕದ ಭಾಷೆಯ 'ಗ್ರಾಮಾಯಣ' ಹಿಡಿದಾಗಲೂ ಇದೇ ಕತೆ. 'ಕುಸುಮಬಾಲೆ'ಗೆ ನಾನು ಹೇಳುವುದು ಒಂದೇ: ಜೋರಾಗಿ ಓದಿ. ಕಣ್ಣಿಗೆ ಅರ್ಥವಾಗದ್ದು ಕಿವಿಗೆ ಅರ್ಥವಾಗುತ್ತದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅಂತ ನಾಲ್ಕು ಸಾಲಿನಲ್ಲಿ ಒಂದು ಸಾಲು ಖರ್ಚು ಮಾಡುವ ಬದಲು, ಯಾವ ಕಡೆಯ ಕನ್ನಡ, ನಿಮಗೆ ಎಷ್ಟು ಪುಟಕ್ಕೆ ಒಗ್ಗಿತು ಅಂತ ಬರೆದರೆ ಮುಂದಿನವರು ಅಷ್ಟು ಪುಟ ತಾಳಿಕೊಳ್ಳುತ್ತಾರೆ.

ಪ್ರಶಸ್ತಿಯ ಮಾತು ಬಂದದ್ದಕ್ಕೆ ಇದೊಂದು ಹೇಳಬೇಕು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ 12 ಕತೆಗಳ 'ಹಾರ್ಟ್ ಲ್ಯಾಂಪ್'. ಕನ್ನಡಕ್ಕೆ ಮೊದಲ ಸಲ, ಸಣ್ಣಕತೆಗಳ ಪುಸ್ತಕಕ್ಕೂ ಮೊದಲ ಸಲ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಅವರ ಕನ್ನಡ ಸಂಕಲನಗಳಿಗೆ ಏಕಾಏಕಿ ಕಾಯುವ ಪಟ್ಟಿ ಬಂತು. ಖುಷಿಯ ವಿಷಯವೇ. ಆದರೆ ಆಗ ಕೌಂಟರಿನಲ್ಲಿ ಎರಡು ಥರದ ಜನ ಕಂಡರು. ಬೂಕರ್ ಪುಸ್ತಕ ಅಂತ ತೆಗೆದುಕೊಂಡು ಹೋಗಿ "ಚೆನ್ನಾಗಿದೆ" ಅಂತ ಕೊಟ್ಟವರು ಒಂದು ಕಡೆ. ಇನ್ನೊಂದು ಕಡೆ, ಒಂದು ಕತೆಯನ್ನು ಹಿಡಿದುಕೊಂಡು "ಇದು ನಮ್ಮ ಬೀದಿಯಲ್ಲೇ ಆದದ್ದು" ಅಂತ ಶುರು ಮಾಡಿದವರು. ಎರಡನೆಯವರ ಮಾತು ಕೇಳಿ ಪಕ್ಕದಲ್ಲಿ ನಿಂತವರು ಪುಸ್ತಕ ಕೇಳಿದ್ದೂ ಉಂಟು. ಕಥಾಸಂಕಲನದ ಬಗ್ಗೆ ಬರೆಯುವಾಗ ಎಲ್ಲ ಕತೆಗಳ ಸಾರಾಂಶ ಬೇಡ. ಮೊದಲು ಯಾವ ಕತೆ ಓದಬೇಕು ಅಂತ ಒಂದು ಹೆಸರು ಕೊಡಿ. ಕವನ ಸಂಕಲನಕ್ಕೂ ಅಷ್ಟೇ, ಒಂದು ಕವಿತೆಯ ಹೆಸರು ಸಾಕು.

ಇನ್ನು ಯಾರೂ ಬರೆಯದ ಒಂದು ಮಾತು: ಅಕ್ಷರದ ಗಾತ್ರ. ನಗಬೇಡಿ. ಅರವತ್ತು ದಾಟಿದ ಓದುಗರು ಪುಸ್ತಕ ಎತ್ತಿಕೊಂಡು ಮೊದಲು ನೋಡುವುದು ಮುಖಪುಟವನ್ನಲ್ಲ, ಮಧ್ಯದ ಒಂದು ಪುಟ ತೆರೆದು ಅಕ್ಷರವನ್ನು. ಒಳ್ಳೆಯ ಕಾದಂಬರಿಯನ್ನು "ಕಣ್ಣು ನೋಯುತ್ತೆ" ಅಂತ ವಾಪಸ್ ಇಡುತ್ತಾರೆ. ಹಳೆಯ ಕೃತಿಗಳ ಮರುಮುದ್ರಣದಲ್ಲಿ ಕಾಗದ ಉಳಿಸಲು ಸಾಲುಗಳನ್ನು ಒತ್ತಿ ಹಾಕಿರುತ್ತಾರೆ. ಯಾವ ಪ್ರಕಾಶನ, ಯಾವ ಮುದ್ರಣ ಓದಿದಿರಿ, ಅಕ್ಷರ ಹೇಗಿದೆ, ಬೈಂಡಿಂಗ್ ಬಿಚ್ಚಿಕೊಳ್ಳುತ್ತದಾ ಅಂತ ಅರ್ಧ ಸಾಲು ಬರೆದರೆ ನಿಮ್ಮ ಅಪ್ಪ ಅಮ್ಮನ ವಯಸ್ಸಿನವರು ನಿಮ್ಮನ್ನು ನೆನೆಯುತ್ತಾರೆ. ಅನುವಾದವಾದರೆ ಅನುವಾದಕರ ಹೆಸರು ಬಿಡಬೇಡಿ. ಒಂದೇ ರಷ್ಯನ್ ಕಾದಂಬರಿಗೆ ಕನ್ನಡದಲ್ಲಿ ಎರಡು ಮೂರು ಅನುವಾದ ಇರಬಹುದು. ಒಂದು ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ, ಇನ್ನೊಂದು ಹಲ್ಲಿಗೆ ಕಲ್ಲು ಸಿಕ್ಕಿಸುತ್ತದೆ. ನೀವು ಹೊಗಳಿದ್ದು ಯಾವುದನ್ನು ಅಂತ ಗೊತ್ತಾಗಬೇಡವೇ?

ಪುಸ್ತಕ ಎಲ್ಲಿ ಸಿಕ್ಕಿತು ಅನ್ನುವುದೂ ಮುಖ್ಯ. ಕನ್ನಡದಲ್ಲಿ ಒಂದು ಪುಸ್ತಕದ ಮೊದಲ ಮುದ್ರಣ ಐನೂರೋ ಸಾವಿರವೋ ಪ್ರತಿ. ಅದು ಮುಗಿದರೆ ಮತ್ತೆ ಅಚ್ಚಾಗುತ್ತದೆ ಅನ್ನುವ ಖಾತ್ರಿ ಇಲ್ಲ. "ಅಂಗಡಿಯಲ್ಲಿ ಸಿಗುವುದಿಲ್ಲ, ಗ್ರಂಥಾಲಯದಲ್ಲಿ ಹಳೆಯ ಪ್ರತಿ ಇದೆ" ಅಂತ ಒಂದು ಮಾತು ಬರೆದರೆ ಹುಡುಕಾಟ ತಪ್ಪುತ್ತದೆ. ಹೊರದೇಶದಲ್ಲಿರುವ ಕನ್ನಡಿಗರಿಗಂತೂ ಇದು ಇನ್ನೂ ಬೇಕು. ರಜಕ್ಕೆ ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಹಪ್ಪಳದ ಪಕ್ಕ ಹಿಡಿಸುವಷ್ಟೇ ಪುಸ್ತಕ ಅವರು ತೆಗೆದುಕೊಂಡು ಹೋಗಬಹುದು. ತೂಕ ನೋಡಿ ಪುಸ್ತಕ ಆರಿಸುವ ಅವರಿಗೆ "ಅದ್ಭುತ" ಅನ್ನುವ ಪದ ಯಾವ ಉಪಕಾರಕ್ಕೂ ಬರುವುದಿಲ್ಲ.

ಅರ್ಧಕ್ಕೆ ಬಿಟ್ಟ ಪುಸ್ತಕಗಳು ವರ್ಷದ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಎಲ್ಲರೂ ಹಿಡಿದದ್ದನ್ನೆಲ್ಲ ಮುಗಿಸುತ್ತಾರೆ ಅಂತ ನಂಬಬೇಕು! ನನ್ನ ಪ್ರಕಾರ ಅತ್ಯಂತ ಉಪಯೋಗದ ಟಿಪ್ಪಣಿ ಇದೇ. ಯಾವ ಪುಟದಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ. "80ನೇ ಪುಟದವರೆಗೆ ಊರಿನ ವರ್ಣನೆಯೇ ನಡೆದಿತ್ತು, ನನಗೆ ಅಷ್ಟು ವ್ಯವಧಾನ ಇರಲಿಲ್ಲ" ಅಂತ ನೀವು ಬರೆದರೆ, ಊರಿನ ವರ್ಣನೆಗೆ ಸಾಯುವ ಇನ್ನೊಬ್ಬ ಓದುಗ ಅದನ್ನೇ ನೋಡಿ ಪುಸ್ತಕ ಎತ್ತಿಕೊಳ್ಳುತ್ತಾನೆ. ನೀವು ಬಿಟ್ಟ ಕಾರಣವೇ ಅವನಿಗೆ ಓದುವ ಕಾರಣ. ಬಿಡುವುದು ಪಾಪ ಅಂತ ತಿಳಿದವರಿಗೆ ನ್ಯಾನ್ಸಿ ಪರ್ಲ್ ಹೇಳುವ ಲೆಕ್ಕ ಹೇಳುತ್ತೇನೆ. 50 ಪುಟ ಓದಿ, ಹಿಡಿಸದಿದ್ದರೆ ಇಟ್ಟುಬಿಡಿ. ನಿಮಗೆ 50 ವರ್ಷ ದಾಟಿದ್ದರೆ 100ರಿಂದ ನಿಮ್ಮ ವಯಸ್ಸು ಕಳೆಯಿರಿ, ಅಷ್ಟು ಪುಟ ಓದಿದರೆ ಸಾಕು. ಎಪ್ಪತ್ತು ದಾಟಿದ ನಮ್ಮ ಓದುಗರೊಬ್ಬರಿಗೆ ಇದನ್ನು ಹೇಳಿದಾಗ "ಹಂಗಾದ್ರೆ ನೂರು ವರ್ಷ ಆದವರು ಮುಖಪುಟ ನೋಡಿ ಬಿಡಬಹುದು" ಅಂದರು. ಲೆಕ್ಕ ಸರಿಯಾಗಿಯೇ ಇದೆ.

ನಕ್ಷತ್ರ ಕೊಡುವ ಪದ್ಧತಿ ನನಗೆ ಒಗ್ಗುವುದಿಲ್ಲ. ಐದಕ್ಕೆ ನಾಲ್ಕು ಅಂದರೆ ಏನು? ಎಸ್.ಎಲ್. ಭೈರಪ್ಪನವರ 'ಪರ್ವ'ಕ್ಕೂ ನಾಲ್ಕು, ಅಡುಗೆ ಪುಸ್ತಕಕ್ಕೂ ನಾಲ್ಕು. ಜೊತೆಗೆ ಕನ್ನಡದ ಓದಿನ ಲೋಕ ಚಿಕ್ಕದು. ಲೇಖಕರು ನಿಮ್ಮ ಪಕ್ಕದ ಬೀದಿಯವರು, ನಿಮ್ಮ ಮೇಷ್ಟ್ರು, ಫೇಸ್‌ಬುಕ್ಕಿನಲ್ಲಿ ನಿಮ್ಮ ಸ್ನೇಹಿತರು. ಮೂರು ನಕ್ಷತ್ರ ಕೊಟ್ಟರೆ ಮುಂದಿನ ಮದುವೆ ಮನೆಯಲ್ಲಿ ಮುಖ ತಿರುಗಿಸುತ್ತಾರೆ. ಹಾಗಾಗಿ ಎಲ್ಲರೂ ಐದೇ ಕೊಡುತ್ತಾರೆ, ಎಲ್ಲರೂ ಹೊಗಳುತ್ತಾರೆ, ಕೊನೆಗೆ ಯಾರ ಹೊಗಳಿಕೆಗೂ ಬೆಲೆ ಇರುವುದಿಲ್ಲ. ನನಗೆ ಇದು ಕನ್ನಡದ ಸಣ್ಣ ವಿಮರ್ಶೆಗಳ ದೊಡ್ಡ ಕಾಯಿಲೆ ಅನಿಸುತ್ತದೆ.

ಇದಕ್ಕೂ "ಯಾರಿಗೆ?" ಅನ್ನುವ ಪ್ರಶ್ನೆಯೇ ದಾರಿ. "ಪುಸ್ತಕ ಸಪ್ಪೆ" ಅಂದರೆ ಲೇಖಕರಿಗೆ ನೋವು. "ಹಾಸ್ಯ ಹುಡುಕಿಕೊಂಡು ಹೋದ ನನಗೆ ಇದು ಸಿಗಲಿಲ್ಲ. ಹಳ್ಳಿಯ ಬಾಲ್ಯದ ನೆನಪು ಬೇಕಾದವರಿಗೆ ಸಿಗುತ್ತದೆ" ಅಂದರೆ ಸುಳ್ಳೂ ಅಲ್ಲ, ಜಗಳವೂ ಅಲ್ಲ. ತಪ್ಪು ಮಾಹಿತಿ ಇರುವ ಪುಸ್ತಕದ ಮಾತು ಬೇರೆ. ಆರೋಗ್ಯ, ಇತಿಹಾಸ, ಕಾನೂನಿನ ಪುಸ್ತಕದಲ್ಲಿ ತಪ್ಪು ಕಂಡರೆ ಪುಟ ಸಂಖ್ಯೆ ಹಾಕಿ ನೇರವಾಗಿ ಬರೆಯಿರಿ. ಅಲ್ಲಿ ದಾಕ್ಷಿಣ್ಯ ಬೇಡ.

ಎಷ್ಟು ಉದ್ದ ಇರಬೇಕು? ಜಾರ್ಜ್ ಆರ್ವೆಲ್ 1946ರಲ್ಲಿ ಪುಸ್ತಕ ವಿಮರ್ಶಕರ ಪಾಡಿನ ಬಗ್ಗೆ ಬರೆಯುತ್ತಾ ಒಂದು ಖಾರದ ಮಾತು ಹೇಳಿದ್ದರು. ಮುಖ್ಯವಾದ ಕೆಲವೇ ಪುಸ್ತಕಗಳಿಗೆ ಸಾವಿರ ಪದಕ್ಕೂ ಮೀರಿ ಬರೆಯಿರಿ. ಒಂದೆರಡು ಸಾಲಿನ ಸೂಚನೆಯೂ ಉಪಯೋಗಕ್ಕೆ ಬರಬಹುದು. ನಡುವಿನ ಆರುನೂರು ಪದದ ವಿಮರ್ಶೆ ಮಾತ್ರ ದಂಡ. ನನಗೆ ಇದು ಸರಿ ಅನಿಸುತ್ತದೆ. ನಮ್ಮ ಪತ್ರಿಕೆಗಳಲ್ಲಿ 'ಸಾದರ ಸ್ವೀಕಾರ' ಅಂತ ಪುಸ್ತಕದ ಹೆಸರು, ಪುಟ, ಬೆಲೆ ಮಾತ್ರ ಹಾಕುವ ರೂಢಿ ಇತ್ತು, ಈಗಲೂ ಇದೆ. ಅದಕ್ಕೆ ನಿಮ್ಮ ಅನುಭವದ ಮೂರು ನಾಲ್ಕು ಸಾಲು ಸೇರಿದರೆ ಅಳತೆ ಸರಿಹೋಗುತ್ತದೆ. ಐವತ್ತು ಅರವತ್ತು ಪದ. ಅದಕ್ಕಿಂತ ಉದ್ದವಾದರೆ ಜನ ಕತೆ ಹೇಳಲು ಶುರು ಮಾಡುತ್ತಾರೆ. ಕತೆ ಹೇಳಿದರೆ ಕೊನೆಯನ್ನೂ ಹೇಳಿಬಿಡುತ್ತಾರೆ.

ಯಾವಾಗ ಬರೆಯಬೇಕು ಅನ್ನುವುದರಲ್ಲಿ ನಾನು ಸ್ವಲ್ಪ ಹಠಮಾರಿ. ಡಿಸೆಂಬರಿನಲ್ಲಿ ಕೂತು ಜನವರಿಯ ಪುಸ್ತಕದ ಬಗ್ಗೆ ಬರೆದರೆ "ಅದ್ಭುತ" ಬಿಟ್ಟು ಬೇರೆ ಪದ ಬರುವುದಿಲ್ಲ. ಯಾಕೆಂದರೆ ಬೇರೆ ಏನೂ ನೆನಪಿರುವುದಿಲ್ಲ. ಪಾತ್ರಗಳ ಹೆಸರು ಹೋಗಿರುತ್ತದೆ, ಎಲ್ಲಿ ಬೇಸರವಾಯಿತು ಅನ್ನುವುದು ಹೋಗಿರುತ್ತದೆ, ಮೆಚ್ಚುಗೆಯ ಮಬ್ಬು ಮಾತ್ರ ಉಳಿದಿರುತ್ತದೆ. ಮುಗಿಸಿದ ಮಾರನೇ ದಿನ ಬರೆಯಿರಿ. ಅದೇ ರಾತ್ರಿ ಬೇಡ. ಕೊನೆಯ ಪುಟದ ಬಿಸಿ ಆರಿರುವುದಿಲ್ಲ, ಕಣ್ಣೀರು ತರಿಸಿದ ಪುಸ್ತಕವೆಲ್ಲ ಮಹಾಕಾವ್ಯ ಅನಿಸುತ್ತದೆ. ಒಂದು ರಾತ್ರಿ ಕಳೆದ ಮೇಲೂ ಯಾವ ದೃಶ್ಯ ತಲೆಯಲ್ಲಿದೆಯೋ ಅದನ್ನು ಬರೆಯಿರಿ. ಬರೆದ ದಿನಾಂಕ ಹಾಕಿ. ಜ್ವರದಲ್ಲಿ ಮಲಗಿ ಓದಿದಿರಾ, ಮಗುವನ್ನು ಮಲಗಿಸುತ್ತಾ ಓದಿದಿರಾ, ಅದನ್ನೂ ಬರೆಯಿರಿ. ಪುಸ್ತಕ ನಿಧಾನ ಅನಿಸಿದ್ದಕ್ಕೆ ಪುಸ್ತಕವೇ ಕಾರಣವಾ, ನಿಮ್ಮ ನಿದ್ದೆ ಕಾರಣವಾ ಅಂತ ಓದಿದವರು ತೀರ್ಮಾನಿಸಿಕೊಳ್ಳಲಿ.

ಹಂಚಿಕೊಳ್ಳುವುದನ್ನೂ ವರ್ಷದ ಕೊನೆಗೆ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಮೂವತ್ತು ಪುಸ್ತಕದ ಪಟ್ಟಿಯನ್ನು ಯಾರೂ ಪೂರ್ತಿ ಓದುವುದಿಲ್ಲ, ಫೋಟೊಗೆ ಒಂದು ಹೃದಯ ಒತ್ತಿ ಮುಂದೆ ಹೋಗುತ್ತಾರೆ. ತಿಂಗಳಿಗೆ ಎರಡು ಟಿಪ್ಪಣಿ ಹಾಕಿದರೆ ಮಾತುಕತೆ ಹುಟ್ಟುತ್ತದೆ. ವರ್ಷದ ಕೊನೆಗೆ ಅದನ್ನೇ ಒಂದು ಕಡೆ ಸೇರಿಸಿ, ಅಷ್ಟೇ. ಸಂಖ್ಯೆಯ ಪೈಪೋಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಾರಕ್ಕೊಂದು, ವರ್ಷಕ್ಕೆ 52 ಅಂತ ಗುರಿ ಇಟ್ಟವರು ನವೆಂಬರಿನಲ್ಲಿ ಬಂದು "ತೆಳ್ಳಗಿರೋದು ಯಾವುದಿದೆ?" ಅಂತ ಕೇಳುತ್ತಾರೆ. ಕೊಡುತ್ತೇನೆ.

ಮೊದಲು ನಮ್ಮಲ್ಲಿ ಪ್ರತಿ ಪುಸ್ತಕದ ಕೊನೆಯಲ್ಲಿ ದಿನಾಂಕದ ಚೀಟಿ ಇರುತ್ತಿತ್ತು. ಪುಸ್ತಕ ಕೊಡುವಾಗ ವಾಪಸ್ ತರಬೇಕಾದ ದಿನದ ಮುದ್ರೆ ಒತ್ತುತ್ತಿದ್ದೆವು. ಅದೇ ಒಂದು ಥರದ ವಿಮರ್ಶೆಯಾಗಿತ್ತು. ಓದುಗರು ಮುಖಪುಟ ನೋಡಿ, ಹಿಂದೆ ತಿರುಗಿಸಿ, ಚೀಟಿ ತುಂಬಾ ಮುದ್ರೆ ಇದ್ದರೆ "ಇದು ಓಡುತ್ತೆ" ಅಂತ ತೆಗೆದುಕೊಳ್ಳುತ್ತಿದ್ದರು. ಈಗ ಅನೇಕ ಕಡೆ ಬಾರ್‌ಕೋಡ್ ಬಂದಿದೆ. ಕಾಲೇಜುಗಳಲ್ಲಿ ಕೋಹಾದಂಥ ತಂತ್ರಾಂಶ ಇದೆ. ಯಾರು ಏನು ಓದಿದರು ಅನ್ನುವುದು ಕಂಪ್ಯೂಟರಿಗೆ ಗೊತ್ತು, ಕಪಾಟಿನ ಮುಂದೆ ನಿಂತವರಿಗೆ ಗೊತ್ತಿಲ್ಲ. ಆ ಖಾಲಿ ಚೀಟಿಯ ಜಾಗದಲ್ಲಿ ಓದಿದವರು ಎರಡು ಸಾಲು ಬರೆಯಲಿ ಅಂತ ನಾವು ಒಂದು ಕಾರ್ಡು ಅಂಟಿಸಲು ಶುರು ಮಾಡಿದೆವು. ಹೆಸರು ಬರೆಯಬೇಕಾಗಿಲ್ಲ, ವಯಸ್ಸು ಬರೆದರೆ ಸಾಕು. ವಯಸ್ಸು ಯಾಕೆ ಅಂದರೆ, ಹದಿನೇಳರ ಹುಡುಗಿಗೆ ಇನ್ನೊಬ್ಬ ಹದಿನೇಳರವಳ ಮಾತಿನ ಮೇಲೆ ಇರುವ ನಂಬಿಕೆ ನಮ್ಮ ಮೇಲೆ ಇರುವುದಿಲ್ಲ.

ಆ ಕಾರ್ಡುಗಳಲ್ಲಿ ಚೆನ್ನಾಗಿ ಬರೆಯುವವರು ಮಕ್ಕಳು. "ಹುಲಿ ಬಾವಿಗೆ ಬಿದ್ದಾಗ ಖುಷಿ ಆಯ್ತು, ಆಮೇಲೆ ಪಾಪ ಅನಿಸ್ತು." "ಚಿತ್ರ ಚೆನ್ನಾಗಿದೆ, ಕತೆ ಅಮ್ಮನ ಬುದ್ಧಿಮಾತು ಇದ್ದಂಗಿದೆ." ದೊಡ್ಡವರು ಯಾರಿಗೂ ಎರಡನೆಯದನ್ನು ಇಷ್ಟು ಚೆನ್ನಾಗಿ ಹೇಳಲು ಬರುವುದಿಲ್ಲ. ರಾಜ್ಯದಲ್ಲಿ 5,000ಕ್ಕೂ ಜಾಸ್ತಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಹಳ್ಳಿಯ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಲ್ಲಿನ ಮಕ್ಕಳ ಕೈಲಿ ಇಂಥ ಕಾರ್ಡು ಬರೆಸಿದರೆ ಕನ್ನಡದ ಮಕ್ಕಳ ಪುಸ್ತಕ ಬರೆಯುವವರಿಗೆ ಒಳ್ಳೆಯ ಪಾಠ ಸಿಗುತ್ತದೆ. "ಈ ಪುಸ್ತಕದಿಂದ ನೀನು ಕಲಿತ ನೀತಿ ಏನು?" ಅಂತ ಮಾತ್ರ ಕೇಳಬೇಡಿ. ಕೇಳಿದ ತಕ್ಷಣ ಮಗು ಪರೀಕ್ಷೆಯ ಉತ್ತರ ಬರೆಯುತ್ತದೆ.

ಕೊನೆಯದಾಗಿ ಒಂದು ಸ್ವಾರ್ಥದ ಮಾತು. ನೀವು ಮೆಚ್ಚಿ ಬರೆದ ಪುಸ್ತಕ ನಿಮ್ಮ ಊರಿನ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಅಲ್ಲಿನ ಸಲಹೆ ಪುಸ್ತಕದಲ್ಲಿ ಅದನ್ನು ಬರೆಯಿರಿ. ಕೇಳಿದರೆ ಕೊಡುತ್ತಾರೆ, ಸಾಮಾನ್ಯವಾಗಿ ಮೇಜಿನ ಖಾನೆಯಲ್ಲಿ ಇರುತ್ತದೆ. ಹೆಸರು, ಲೇಖಕರು, ಪ್ರಕಾಶಕರು, ಬೆಲೆ, ಜೊತೆಗೆ ನಿಮ್ಮ ಟಿಪ್ಪಣಿಯ ಎರಡು ಸಾಲು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಿಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಈಗ ಅದು ನೂರಕ್ಕೆ 6. ಆ ದುಡ್ಡಿನಲ್ಲಿ ಏನು ಕೊಳ್ಳಬೇಕು ಅಂತ ಹೇಳುವ ಹಕ್ಕು ನಿಮಗಿದೆ. "ನಮ್ಮ ಬಡಾವಣೆಯ ಹಿರಿಯರು ನಾಲ್ಕು ಜನ ಕೇಳುತ್ತಿದ್ದಾರೆ, ದೊಡ್ಡ ಅಕ್ಷರದ ಮುದ್ರಣ ಬೇಕು" ಅಂತ ಬರೆದ ಸಲಹೆಯನ್ನು ಇಟ್ಟುಕೊಂಡು ನಾವು ಮೇಲಿನವರ ಹತ್ತಿರ ವಾದ ಮಾಡಬಹುದು. "ಒಳ್ಳೆಯ ಪುಸ್ತಕ, ತರಿಸಿ" ಅಂದರೆ ವಾದ ಮಾಡಲು ನಮ್ಮ ಹತ್ರ ಏನೂ ಇರುವುದಿಲ್ಲ.